ಗ್ಯಾಸ್ ಟ್ಯಾಂಕರ್ ಪಲ್ಟಿಯಾದರೆ: ಹಂತ ಹಂತವಾಗಿ ಏನು ಮಾಡಬೇಕು, ನೆರವಿಗೆ ಹೋದವರಿಗೆ ಕಾನೂನು ಎಲ್ಲಿಯವರೆಗೆ ರಕ್ಷಣೆ ಕೊಡುತ್ತದೆ

ಮಂಗಳೂರಿನಿಂದ ಹೊರಡುವ ಅಡುಗೆ ಅನಿಲ, ಪೆಟ್ರೋಲ್, ಡೀಸೆಲ್ ಟ್ಯಾಂಕರ್‌ಗಳು ಹಗಲು ರಾತ್ರಿ ಎನ್ನದೆ ಬಂಟ್ವಾಳ, ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿ ಹತ್ತುತ್ತವೆ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಇಂಥದ್ದೇ ಒಂದು ಟ್ಯಾಂಕರ್ ಪಲ್ಟಿಯಾಗಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳಲ್ಲಿದ್ದವರೂ ಬಲಿಯಾದರು. ಅದಕ್ಕೆ ಏಳೆಂಟು ತಿಂಗಳ ಹಿಂದೆ, 2012ರ ಆಗಸ್ಟ್ 27ರ ರಾತ್ರಿ, ಕೇರಳದ ಕಣ್ಣೂರು ಬಳಿಯ ಚಾಲಾದಲ್ಲಿ ಟ್ಯಾಂಕರ್ ಉರುಳಿ ಅನಿಲ ಹರಡಿ 20 ಜನ ಸತ್ತರು. 2024ರ ಡಿಸೆಂಬರ್ 20ರ ನಸುಕಿನಲ್ಲಿ ಜೈಪುರದ ಭಾಂಕ್ರೋಟಾದಲ್ಲಿ ಮತ್ತೆ ಅದೇ ಕಥೆ.

ಹೆದ್ದಾರಿ ಪಕ್ಕದ ಊರುಗಳಲ್ಲಿ ಈ ವಿಷಯ ಎತ್ತಿದರೆ ಜನ ಎರಡು ಮಾತು ಕೇಳುತ್ತಾರೆ. ಒಂದು, ಆ ಹೊತ್ತಿಗೆ ಏನು ಮಾಡಬೇಕು? ಇನ್ನೊಂದು, ಕೈ ಹಾಕಿ ಏನಾದರೂ ಎಡವಟ್ಟಾದರೆ ಕೇಸು ನಮ್ಮ ತಲೆಗೆ ಬರುವುದಿಲ್ಲವೇ? ಎರಡನ್ನೂ ಒಟ್ಟಿಗೇ ನೋಡಬೇಕು, ಯಾಕೆಂದರೆ ಉತ್ತರ ಒಂದೇ ದಿಕ್ಕಿನಲ್ಲಿದೆ. ಗಾಯಾಳುವಿಗೆ ನೆರವಾದವರನ್ನು ನಮ್ಮ ಕಾನೂನು ಗಟ್ಟಿಯಾಗಿ ಕಾಯುತ್ತದೆ. ಟ್ಯಾಂಕರಿನ ವಾಲ್ವಿಗೆ ಕೈ ಹಾಕಿದವರನ್ನು ಅಷ್ಟು ಗಟ್ಟಿಯಾಗಿ ಕಾಯುವುದಿಲ್ಲ. ಜೀವ ಉಳಿಸಿಕೊಳ್ಳುವ ದಾರಿಯೂ ಇದೇ: ಮನುಷ್ಯರ ಕಡೆ ಹೋಗಿ, ಯಂತ್ರದ ಕಡೆ ಹೋಗಬೇಡಿ.

ಹಂತ 1: ನಿಂತು ಗಾಳಿ ನೋಡಿ

ಓಡಿ ಹೋಗಿ ನೋಡುವ ಆಸೆಯನ್ನು ಮೊದಲ ಅರ್ಧ ನಿಮಿಷ ತಡೆದುಕೊಳ್ಳಿ. ಧೂಳು, ಹೊಗೆ, ಮರದ ಎಲೆ ಯಾವ ಕಡೆ ಸಾಗುತ್ತಿವೆ ನೋಡಿ, ಗಾಳಿ ಬೀಸಿ ಬರುತ್ತಿರುವ ಕಡೆಗೆ ಸರಿಯಿರಿ. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೇರಿ ಚದುರುವ ಬದಲು ನೆಲ ಹಿಡಿದು ಹರಿಯುತ್ತದೆ, ಚರಂಡಿ, ಹೊಂಡ, ಬಾವಿಗಳಲ್ಲಿ ತುಂಬಿಕೊಳ್ಳುತ್ತದೆ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಬೆರೆತರೂ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೋರುವ ಜಾಗದಲ್ಲಿ ಬಿಳಿ ಮಂಜಿನಂತೆ ಕಾಣಬಹುದು. ಆದರೆ ಮಂಜು ಮುಗಿದ ಕಡೆ ಅಪಾಯವೂ ಮುಗಿಯಿತು ಎಂದು ಭಾವಿಸಬೇಡಿ, ಕಣ್ಣಿಗೆ ಕಾಣದ ಅನಿಲ ಅದರಾಚೆಗೂ ಹಬ್ಬಿರುತ್ತದೆ.

ದೂರದ ಲೆಕ್ಕ ಹೀಗಿದೆ. ಅಡುಗೆ ಅನಿಲವಾದರೆ ಸುತ್ತ ಕನಿಷ್ಠ 100 ಮೀಟರ್ ಖಾಲಿಯಿರಬೇಕು. ಸೋರಿಕೆ ದೊಡ್ಡದಾದರೆ ಗಾಳಿ ಹೋಗುವ ದಿಕ್ಕಿನಲ್ಲಿ 800 ಮೀಟರ್. ಟ್ಯಾಂಕಿಗೇ ಬೆಂಕಿ ತಾಗಿದ್ದರೆ ನಾಲ್ಕೂ ದಿಕ್ಕಿಗೆ 1,600 ಮೀಟರ್. ಪೆಟ್ರೋಲ್ ಆದರೆ ಇವೇ ಅಂಕಿಗಳು 50, 300 ಮತ್ತು 800 ಮೀಟರ್. ತುರ್ತು ಸ್ಪಂದನೆಯ ಕೈಪಿಡಿಗಳಲ್ಲಿ ಅಗ್ನಿಶಾಮಕದವರು ಜಗತ್ತಿನ ಹಲವೆಡೆ ಬಳಸುವ ಅಳತೆ ಇದು. ಒಂದೂವರೆ ಕಿಲೋಮೀಟರ್ ಎಂದರೆ ಅತಿಯಾಯಿತು ಅನ್ನಿಸಬಹುದು. ಬೆಂಕಿಯ ಮೇಲೆ ಕುದಿಯುತ್ತಿರುವ ಟ್ಯಾಂಕು ಒಡೆದರೆ ಉಕ್ಕಿನ ಚೂರುಗಳು ಅಷ್ಟು ದೂರ ಹಾರಬಲ್ಲವು ಎಂಬುದಕ್ಕೇ ಈ ಅಳತೆ ಇಟ್ಟಿರುವುದು. ಟ್ಯಾಂಕಿನ ಸೇಫ್ಟಿ ವಾಲ್ವಿನ ಸಿಳ್ಳೆ ಜೋರಾಗುತ್ತಾ ಹೋದರೆ, ಅಥವಾ ಟ್ಯಾಂಕಿನ ಬಣ್ಣ ಬದಲಾಗತೊಡಗಿದರೆ, ಅಲ್ಲಿ ಯಾರೂ ನಿಲ್ಲಬಾರದು, ಅಗ್ನಿಶಾಮಕ ಸಿಬ್ಬಂದಿಯೂ ಹಿಂದೆ ಸರಿಯಬೇಕು.

ಹಂತ 2: ಟ್ಯಾಂಕರಿನ ಫಲಕ ಓದಿ, ದೂರ ಬಂದು ಕರೆ ಮಾಡಿ

ಅಪಾಯಕಾರಿ ಸರಕು ಸಾಗಿಸುವ ಪ್ರತಿ ವಾಹನಕ್ಕೂ ಎರಡು ಬದಿ ಮತ್ತು ಹಿಂಭಾಗದಲ್ಲಿ ತುರ್ತು ಮಾಹಿತಿ ಫಲಕ ಇರಲೇಬೇಕು. ಇದು ಕೇಂದ್ರ ಮೋಟಾರು ವಾಹನ ನಿಯಮಗಳ 134ನೇ ನಿಯಮ. ಸರಕಿನ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ತುರ್ತು ಕ್ರಮದ ಸಂಕೇತ, ಫೋನ್ ನಂಬರು ಎಲ್ಲವೂ ಅದರ ಮೇಲಿರುತ್ತವೆ. 1075 ಇದ್ದರೆ ಅಡುಗೆ ಅನಿಲ, 1203 ಇದ್ದರೆ ಪೆಟ್ರೋಲ್, 1202 ಇದ್ದರೆ ಡೀಸೆಲ್. ಸಂಕೇತದ ಕೊನೆಯ ಅಕ್ಷರ ಇಂಗ್ಲಿಷಿನ 'E' ಆಗಿದ್ದರೆ ಸುತ್ತಲಿನ ಜನರನ್ನು ತೆರವು ಮಾಡುವುದನ್ನು ಕೂಡಲೇ ಯೋಚಿಸಬೇಕು ಎಂದರ್ಥ. ಹತ್ತಿರ ಹೋಗಿ ಓದಬೇಡಿ. ದೂರದಿಂದ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಒಂದು ಫೋಟೋ ತೆಗೆದರೆ ಸಾಕು.

ಆಮೇಲೆ ಇನ್ನಷ್ಟು ಹಿಂದೆ ಸರಿದು 112ಕ್ಕೆ ಕರೆ ಮಾಡಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರು. ಅನಿಲ ಸೋರಿಕೆಗೆಂದೇ 1906 ಇದೆ. ಜಿಲ್ಲಾಧಿಕಾರಿ ಕಚೇರಿಯ ನಿಯಂತ್ರಣ ಕೊಠಡಿಗೆ 1077, ರಾಷ್ಟ್ರೀಯ ಹೆದ್ದಾರಿಯವರಿಗೆ 1033. ಕರೆಯಲ್ಲಿ ಹೇಳಬೇಕಾದದ್ದು ಇಷ್ಟೇ: ಜಾಗ ಮತ್ತು ಕಿಲೋಮೀಟರ್ ಕಲ್ಲಿನ ಸಂಖ್ಯೆ, ಫಲಕದ ಸಂಖ್ಯೆ, ಸೋರುತ್ತಿದೆಯೇ ಅಥವಾ ಉರಿಯುತ್ತಿದೆಯೇ, ಗಾಯಾಳುಗಳು ಎಷ್ಟು, ಹತ್ತಿರದಲ್ಲಿ ಮನೆ ಶಾಲೆಗಳಿವೆಯೇ, ಗಾಳಿ ಯಾವ ಕಡೆ. ಅಪಘಾತದ ಮಾಹಿತಿ ಕೊಟ್ಟವರ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಆದರೆ ಗಾಳಿಸುದ್ದಿ ಹಬ್ಬಿಸಬೇಡಿ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನರನ್ನು ಗಾಬರಿಗೊಳಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು.

ಹಂತ 3: ಕಿಡಿ ತಡೆಯಿರಿ, ಜನರನ್ನು ದೂರ ಮಾಡಿ

ಎರಡೂ ಕಡೆಯಿಂದ ಬರುವ ವಾಹನಗಳಿಗೆ ಸಾಕಷ್ಟು ದೂರದಲ್ಲೇ ಕೈ ಮಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿಸಿ. ಅನಿಲ ಹರಡಿರುವ ಜಾಗದೊಳಗೆ ಈಗಾಗಲೇ ನಿಂತಿರುವ ವಾಹನವನ್ನು ಸ್ಟಾರ್ಟ್ ಮಾಡಲು ಬಿಡಬೇಡಿ, ಬಿಟ್ಟು ನಡೆದು ಬರಲಿ. ಮನೆಗಳಲ್ಲಿ ಒಲೆ, ದೀಪ ಆರಿಸಲಿ, ಆದರೆ ಅನಿಲದ ವಾಸನೆ ಬರುತ್ತಿದ್ದರೆ ಕರೆಂಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಹೋಟೆಲಿನ ಒಲೆ, ಗ್ಯಾರೇಜಿನ ವೆಲ್ಡಿಂಗ್, ದನದ ಕೊಟ್ಟಿಗೆಯ ಹೊಗೆ, ಬೀಡಿ ಸಿಗರೇಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಗ್ಗಿನ ಕಡೆ ಇರುವ ಮನೆಗಳನ್ನು ಮೊದಲು ತೆರವು ಮಾಡಿಸಿ.

ರಸ್ತೆ ಬಂದ್ ಮಾಡುವ, ಜನರನ್ನು ಬಲವಂತವಾಗಿ ಹೊರಗೆ ಕಳಿಸುವ ಅಧಿಕಾರ ನಿಮಗಿಲ್ಲ. ಅದು ಪೊಲೀಸರಿಗೆ, ಅಗ್ನಿಶಾಮಕ ಅಧಿಕಾರಿಗೆ ಮತ್ತು ವಿಪತ್ತು ಕಾಯ್ದೆಯ 34ನೇ ಕಲಂ ಅಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಇದೆ. ಅವರು ಬರುವವರೆಗೆ ಎಚ್ಚರಿಸುವುದು ನಿಮ್ಮ ಕೆಲಸ, ಬಂದ ಮೇಲೆ ಜಾಗ ಅವರಿಗೆ ಬಿಟ್ಟುಕೊಡಿ. ಅವರ ಕೆಲಸಕ್ಕೆ ಅಡ್ಡಿಯಾದರೆ 51ನೇ ಕಲಂ ಪ್ರಕಾರ ಒಂದು ವರ್ಷ, ಆ ಅಡ್ಡಿಯಿಂದ ಜೀವ ಹೋದರೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ವಿಡಿಯೋ ಮಾಡಲು ನುಗ್ಗುವ ಹುಡುಗರಿಗೆ ಇದನ್ನು ಊರಿನ ಹಿರಿಯರೇ ಹೇಳಬೇಕು.

ಸುರಿಯುವ ಪೆಟ್ರೋಲ್ ತುಂಬಿಕೊಳ್ಳಲು ಕೊಡ, ಬಕೆಟ್ಟು ಹಿಡಿದು ಬರುವವರನ್ನು ಕಾಲಿಗೆ ಬಿದ್ದಾದರೂ ತಡೆಯಿರಿ. 1987ರ ಅಕ್ಟೋಬರ್ 29ರಂದು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಮಹಾರಾಷ್ಟ್ರದ ಭಾಗದಲ್ಲಿ, ಪೆಟ್ರೋಲ್ ಟ್ಯಾಂಕರೊಂದು ನಸುಕಿನಲ್ಲಿ ಉರುಳಿತು. ಸುಮಾರು ನಾಲ್ಕು ಗಂಟೆ ಏನೂ ಆಗಲಿಲ್ಲ. ಜನ ಸೇರಿದರು. ಆಮೇಲೆ ಅದು ಸ್ಫೋಟಿಸಿತು. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲ್‌ಪುರದಲ್ಲಿ ಹೀಗೆಯೇ ಎಣ್ಣೆ ತುಂಬಿಕೊಳ್ಳಲು ಬಂದವರಲ್ಲಿ 200ಕ್ಕೂ ಹೆಚ್ಚು ಜನ ಸುಟ್ಟುಹೋದರು. ಇಷ್ಟು ಹೊತ್ತು ಏನೂ ಆಗಲಿಲ್ಲವಲ್ಲ ಎಂಬ ಧೈರ್ಯವೇ ಇಂಥ ಕಡೆ ಜನರನ್ನು ಕೊಲ್ಲುವುದು.

ಹಂತ 4: ಗಾಯಾಳುವನ್ನು ಎತ್ತುವುದು

ಅನಿಲ ಹಬ್ಬಿರುವ ಜಾಗದೊಳಗೆ ಸಿಕ್ಕಿಕೊಂಡವರನ್ನು ತರುವುದು ಉಸಿರಾಟದ ಸಲಕರಣೆ ಇರುವ ಅಗ್ನಿಶಾಮಕ ಸಿಬ್ಬಂದಿಯ ಕೆಲಸ. ಅದರ ಹೊರಗೆ ಬಿದ್ದವರು, ನಡೆದು ಬಂದವರು ನಿಮ್ಮ ಕೈಗೆ ಸಿಗುತ್ತಾರೆ. ಸುಟ್ಟ ಗಾಯದ ಮೇಲೆ ತಣ್ಣೀರು ಹರಿಸಿ. ಪೇಸ್ಟು, ಎಣ್ಣೆ, ಅರಿಶಿನ ಹಚ್ಚಬೇಡಿ. ಅಂಟಿಕೊಂಡ ಬಟ್ಟೆ ಕೀಳಬೇಡಿ. ದ್ರವ ಅನಿಲ ಮೈಮೇಲೆ ಸಿಡಿದರೆ ಚರ್ಮ ಹೆಪ್ಪುಗಟ್ಟಿದಂತೆ ಬೆಳ್ಳಗಾಗುತ್ತದೆ. ಅದನ್ನು ಉಜ್ಜಬಾರದು, ಉಗುರುಬೆಚ್ಚಗಿನ ನೀರು ಸಾಕು. ಪೆಟ್ರೋಲಿನಲ್ಲಿ ನೆನೆದವರನ್ನು ಬೆಂಕಿ, ಬಿಸಿ ಎಂಜಿನ್ ಇರುವಲ್ಲಿಗೆ ಒಯ್ಯಬೇಡಿ, ಬಟ್ಟೆ ಬದಲಿಸಿ.

ಕೇಸಿನ ಭಯ ಇರುವುದು ಇಲ್ಲೇ. ಕಾನೂನು ಗಟ್ಟಿಯಾಗಿರುವುದೂ ಇಲ್ಲೇ.

ಈ ವಿಷಯದಲ್ಲಿ ಬೇರೆ ರಾಜ್ಯಗಳಿಗಿಂತ ಮೊದಲು ಪ್ರತ್ಯೇಕ ಕಾನೂನು ತಂದದ್ದು ಕರ್ನಾಟಕ. ಗುಡ್ ಸಮಾರಿಟನ್ (ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾಗುವವರು) ಮತ್ತು ವೈದ್ಯಕೀಯ ವೃತ್ತಿಪರರ ರಕ್ಷಣೆಯ ಮಸೂದೆ 2016ರಲ್ಲಿ ವಿಧಾನಮಂಡಲದ ಮುಂದೆ ಬಂತು, 2018ರಲ್ಲಿ ರಾಷ್ಟ್ರಪತಿಯವರ ಅಂಕಿತ ಸಿಕ್ಕಿತು. ಅದೇ 2016ರಲ್ಲಿ, ನೆಲಮಂಗಲ ಬಳಿ ಲಾರಿ ಹರಿದು ಪ್ರಾಣಬಿಟ್ಟ ಯುವಕನ ನೆನಪಿಗೆ, ಅಪಘಾತದ ಗಾಯಾಳುಗಳಿಗೆ ತುರ್ತು ಚಿಕಿತ್ಸೆ ಕೊಡಿಸುವ ಸಾಂತ್ವನ ಹರೀಶ್ ಯೋಜನೆಯೂ ಬಂದಿತ್ತು. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಇದು ಇಡೀ ದೇಶಕ್ಕೆ ಅನ್ವಯ.

134ಎ ಹೇಳುವುದು ಹೀಗೆ. ವಾಹನ ಅಪಘಾತದಲ್ಲಿ ಸಿಕ್ಕವರಿಗೆ ಸದುದ್ದೇಶದಿಂದ, ತಾನಾಗಿಯೇ, ಪ್ರತಿಫಲ ಬಯಸದೆ ನೆರವಾದವನ ಅಜಾಗರೂಕತೆಯಿಂದಲೇ ಗಾಯಾಳುವಿಗೆ ಹಾನಿಯಾದರೂ, ಸಾವಾದರೂ, ಅವನ ಮೇಲೆ ಸಿವಿಲ್ ದಾವೆಯೂ ಇಲ್ಲ, ಕ್ರಿಮಿನಲ್ ಮೊಕದ್ದಮೆಯೂ ಇಲ್ಲ. ಎತ್ತುವಾಗ ಬೆನ್ನುಮೂಳೆಗೆ ಪೆಟ್ಟಾಯಿತು ಎಂದು ನಿಮ್ಮನ್ನು ಕೋರ್ಟಿಗೆ ಎಳೆಯುವಂತಿಲ್ಲ. 2020ರಲ್ಲಿ ಬಂದ ನಿಯಮಗಳ ಪ್ರಕಾರ ಆಸ್ಪತ್ರೆಗೆ ಬಿಟ್ಟ ಕೂಡಲೇ ನೀವು ಹೊರಡಬಹುದು. ಹಣ ಕಟ್ಟಿ ಎಂದು ಕೂರಿಸುವಂತಿಲ್ಲ. ಸಾಕ್ಷಿಯಾಗಲು ನೀವೇ ಒಪ್ಪಿದರೆ, ನಿಮಗೆ ಅನುಕೂಲವಾದ ಜಾಗ ಮತ್ತು ಸಮಯದಲ್ಲಿ ಹೇಳಿಕೆ ಪಡೆಯಬೇಕು. ಆಸ್ಪತ್ರೆಯ ಬಾಗಿಲಲ್ಲಿ ಈ ಹಕ್ಕುಗಳ ಫಲಕ ಇರಬೇಕು. ನಿಮ್ಮೂರ ಆಸ್ಪತ್ರೆಯಲ್ಲಿ ಇದೆಯೇ ಎಂದು ಮುಂದಿನ ಬಾರಿ ಹೋದಾಗ ನೋಡಿ, ಇಲ್ಲದಿದ್ದರೆ ಲಿಖಿತವಾಗಿ ಕೇಳಿ.

ಖಾಸಗಿ ಆಸ್ಪತ್ರೆ ಮುಂಗಡ ಕೇಳಿದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ನು ನೆನಪಿಸಿ. ರಸ್ತೆ ಅಪಘಾತ, ಸುಟ್ಟ ಗಾಯಗಳಂಥ ಪ್ರಕರಣಗಳಲ್ಲಿ ಪ್ರಥಮ ಚಿಕಿತ್ಸೆ ಮತ್ತು ಜೀವ ಉಳಿಸುವ ಕ್ರಮ ಕೊಡಲೇಬೇಕು. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಒಬ್ಬ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ಸಿಗುತ್ತದೆ.

ಹಂತ 5: ಟ್ಯಾಂಕರನ್ನು ಮುಟ್ಟಬೇಡಿ

ಮೇಲಿನ 134ಎ ಕಲಮನ್ನು ಇನ್ನೊಮ್ಮೆ ಓದಿ. ರಕ್ಷಣೆ ಇರುವುದು ಗಾಯಾಳುವಿಗೆ ಆದ ಹಾನಿಯ ಮಟ್ಟಿಗೆ. ನೀವು ವಾಲ್ವ್ ತಿರುಗಿಸಲು ಹೋಗಿ ಸೋರಿಕೆ ಹೆಚ್ಚಾಗಿ ಪಕ್ಕದ ಮನೆ ಸುಟ್ಟರೆ 134ಎ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಬೆಂಕಿ ಅಥವಾ ಉರಿಯುವ ವಸ್ತುವಿನ ವಿಷಯದಲ್ಲಿ ದುಡುಕಿನಿಂದ ನಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಅಡಿ ಅಪರಾಧವೇ.

ಹಾಗೆಂದು ನ್ಯಾಯ ಸಂಹಿತೆ ನಿರ್ದಯಿ ಅಲ್ಲ. ದೊಡ್ಡ ಕೇಡು ತಪ್ಪಿಸಲು ಸದ್ಭಾವನೆಯಿಂದ ಸಣ್ಣ ಹಾನಿ ಮಾಡಿದರೆ 19ನೇ ಕಲಂ ಕಾಯುತ್ತದೆ. ಬೆಂಕಿ ಹರಡದಂತೆ ನಡುವಿನ ಮನೆಗಳನ್ನು ಕೆಡವಿದವನ ಉದಾಹರಣೆ ಆ ಕಲಮಿನಲ್ಲೇ ಇದೆ. ಬಾಗಿಲು ಒಡೆದು ಮಲಗಿದ್ದವರನ್ನು ಹೊರಗೆಳೆದರೆ, ಬೇಲಿ ಕಿತ್ತು ದಾರಿ ಮಾಡಿಕೊಟ್ಟರೆ ಹೆದರಬೇಕಿಲ್ಲ. ಆದರೆ ಅದೇ ಸಂಹಿತೆಯ ವ್ಯಾಖ್ಯೆಯ ಪ್ರಕಾರ ತಕ್ಕ ಎಚ್ಚರಿಕೆ ಇಲ್ಲದೆ ಮಾಡಿದ್ದು ಸದ್ಭಾವನೆ ಅನ್ನಿಸಿಕೊಳ್ಳುವುದಿಲ್ಲ. ತರಬೇತಿಯಿಲ್ಲದೆ ಅನಿಲ ಟ್ಯಾಂಕರಿನ ವಾಲ್ವಿಗೆ ಸ್ಪ್ಯಾನರ್ ಹಾಕಿದವನು ಎಚ್ಚರಿಕೆ ವಹಿಸಿದ್ದೆ ಎನ್ನುವುದು ಕಷ್ಟ.

ಉರಿಯುತ್ತಿರುವ ಅನಿಲವನ್ನು ಆರಿಸಲೂ ಹೋಗಬೇಡಿ. ಸೋರಿಕೆ ನಿಲ್ಲಿಸದೆ ಜ್ವಾಲೆ ಮಾತ್ರ ಆರಿಸಿದರೆ ಅನಿಲ ಕಾಣದಂತೆ ಹರಡಿ, ಇನ್ನೆಲ್ಲೋ ಕಿಡಿ ಸಿಕ್ಕಿ ಸ್ಫೋಟಿಸುತ್ತದೆ. ಅಗ್ನಿಶಾಮಕದವರು ಜ್ವಾಲೆಯನ್ನು ಉರಿಯಲು ಬಿಟ್ಟು ಟ್ಯಾಂಕಿನ ಮೈಗೆ ನೀರು ಹೊಡೆಯುವುದು ಅದಕ್ಕೇ. ನೋಡುವವರಿಗೆ ಏನೂ ಮಾಡದೆ ನಿಂತಂತೆ ಕಾಣಬಹುದು, ಅವರ ಮೇಲೆ ರೇಗಬೇಡಿ.

ಹಂತ 6: ಕ್ರೇನ್, ಟ್ರ್ಯಾಕ್ಟರ್, ನೀರಿನ ಟ್ಯಾಂಕರಿನವರು ಕೇಳಿಸಿಕೊಳ್ಳಬೇಕಾದದ್ದು

ನನ್ನ ಮಟ್ಟಿಗೆ ಇದು ಎಲ್ಲರೂ ಮರೆಯುವ, ಆದರೆ ನಿಜವಾಗಿ ಸಿಕ್ಕಿಹಾಕಿಕೊಳ್ಳುವ ಜಾಗ. ಉರುಳಿದ ಟ್ಯಾಂಕರಿನ ಅನಿಲವನ್ನು ಇನ್ನೊಂದಕ್ಕೆ ವರ್ಗಾಯಿಸಿ, ಕ್ರೇನಿನಿಂದ ಎತ್ತುವಷ್ಟರಲ್ಲಿ ಇಡೀ ದಿನ ಹಿಡಿಯುತ್ತದೆ. ಸ್ಥಳೀಯ ಕ್ರೇನಿನವರಿಗೆ ಫೋನ್ ಬರುತ್ತದೆ, ಅವರು ಬಾಡಿಗೆಗೆ ಬರುತ್ತಾರೆ. ಬಾಡಿಗೆ ಪಡೆದವರು ಪ್ರತಿಫಲವಿಲ್ಲದೆ ಬಂದ ಗುಡ್ ಸಮಾರಿಟನ್ ಅಲ್ಲ.

ಅವರಿಗೆ ಸಿಗುವ ರಕ್ಷಣೆ ಬೇರೆ. ವಿಪತ್ತು ನಿರ್ವಹಣಾ ಕಾಯ್ದೆಯ 73ನೇ ಕಲಂ, ಸರ್ಕಾರದ ಅಥವಾ ಪ್ರಾಧಿಕಾರದ ಪರವಾಗಿ ಸದ್ಭಾವನೆಯಿಂದ ಕೆಲಸ ಮಾಡಿದವರ ಮೇಲೆ ದಾವೆ ಹೂಡದಂತೆ ತಡೆಯುತ್ತದೆ. ಆದರೆ ನೀವು ಯಾರ ಪರವಾಗಿ ಬಂದಿರಿ ಎಂಬುದಕ್ಕೆ ಕಾಗದ ಬೇಕು. ಸಾಗಣೆ ಕಂಪನಿಯ ಮ್ಯಾನೇಜರ್ ಫೋನಿನಲ್ಲಿ ಕರೆದರೆ ಅದು ಖಾಸಗಿ ಗುತ್ತಿಗೆ. ಜಿಲ್ಲಾ ಪ್ರಾಧಿಕಾರ ಅಥವಾ ಅದು ಅಧಿಕಾರ ಕೊಟ್ಟ ಅಧಿಕಾರಿ 65ನೇ ಕಲಂ ಅಡಿ ಲಿಖಿತ ಆದೇಶದಿಂದ ನಿಮ್ಮ ವಾಹನ ವಶಕ್ಕೆ ಪಡೆದರೆ ಅದು ಸರ್ಕಾರಿ ಕೆಲಸ, 66ನೇ ಕಲಂ ಪ್ರಕಾರ ಅದಕ್ಕೆ ಪರಿಹಾರವೂ ಸಲ್ಲುತ್ತದೆ. ಆದ್ದರಿಂದ ತಹಶೀಲ್ದಾರರೋ ಪೊಲೀಸ್ ಇನ್‌ಸ್ಪೆಕ್ಟರೋ ಕರೆದಾಗ ಹೊರಡುವ ಮೊದಲೇ ಕೇಳಿ: "ಸಾರ್, ಯಾವ ಆದೇಶದ ಮೇಲೆ ಬರಬೇಕು, ಒಂದು ಸಾಲು ಬರೆದು ಕಳಿಸಿ." ಲಿಖಿತ ಆದೇಶ ಆಮೇಲೆ ಕೈಗೆ ಬರಲಿ, ಆ ಕ್ಷಣಕ್ಕೆ ವಾಟ್ಸಾಪ್ ಸಂದೇಶವಾದರೂ ಇರಲಿ. ಸ್ಥಳದಲ್ಲಿ ಅಗ್ನಿಶಾಮಕ ಅಧಿಕಾರಿ 'ಈಗ ಎತ್ತಬಹುದು' ಎಂದ ಸಮಯವನ್ನು ಬರೆದಿಟ್ಟುಕೊಳ್ಳಿ. ಅವರು ಹೇಳುವ ಮುನ್ನ ಎಂಜಿನ್ ಚಾಲೂ ಮಾಡಬೇಡಿ. ನಿಮ್ಮ ಆಪರೇಟರ್ ಮತ್ತು ಹೆಲ್ಪರ್‌ಗೆ ಗಾಯವಾದರೆ ನೌಕರರ ಪರಿಹಾರದ ಹೊಣೆ ಮಾಲೀಕರಾದ ನಿಮ್ಮದೇ, ವಿಮೆ ಇದೆಯೇ ಇಂದೇ ನೋಡಿ.

ವಿಪತ್ತಿನಲ್ಲಿ ನೆರವಾಗಲು ಸರ್ಕಾರ ಕೊಡುವ 'ಆಪದ ಮಿತ್ರ' ತರಬೇತಿ ಪಡೆದ ಸ್ವಯಂಸೇವಕರೂ ಅಷ್ಟೇ: ಪ್ರಾಧಿಕಾರದ ಕರೆಯ ಮೇಲೆ ಬಂದದ್ದು ದಾಖಲೆಯಲ್ಲಿರಲಿ.

ಹಂತ 7: ಚಾಲಕ ಅಣ್ಣಂದಿರಿಗೆ

ಓಡಿಹೋಗುವುದೇ ಉಳಿಯುವ ದಾರಿ ಎಂದು ಬಹಳ ಚಾಲಕರು ನಂಬಿದ್ದಾರೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಜನರ ಆಕ್ರೋಶದ ಭಯವನ್ನು ಗುರುತಿಸುತ್ತದೆ, ಹೊಡೆತ ತಿನ್ನಲು ನಿಲ್ಲಿ ಎನ್ನುವುದಿಲ್ಲ. ಆದರೆ ಹತ್ತಿರದ ಠಾಣೆಗೆ ಹೇಳುವುದು ಕಡ್ಡಾಯ. ಅಪಾಯಕಾರಿ ಸರಕಿನ ಚಾಲಕ ಕೂಡಲೇ ಠಾಣೆಗೂ ಮಾಲೀಕರಿಗೂ ತಿಳಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 136ನೇ ನಿಯಮ ಹೇಳುತ್ತದೆ. ಸರಕಿನ ಅಪಾಯ ವಿವರಿಸುವ ಕಾಗದ ಕ್ಯಾಬಿನ್ನಿನಲ್ಲೇ ಇರಬೇಕು. ಓಡುವುದಾದರೆ ಅದನ್ನು ಕೈಯಲ್ಲಿ ಹಿಡಿದು ಓಡಿ, ಸಿಕ್ಕ ಮೊದಲ ಪೊಲೀಸರ ಕೈಗೆ ಕೊಡಿ. ನೂರಾರು ಜೀವಗಳಿಗೆ ಆ ಒಂದು ಹಾಳೆ ಬೇಕಾಗುತ್ತದೆ.

ಹಂತ 8: ಪರಿಹಾರ ಕೇಳುವುದು

ಹೊಣೆ ಯಾರದು ಎಂಬುದರಲ್ಲಿ ನಮ್ಮ ಕಾನೂನು ಸ್ಪಷ್ಟ. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರ ಡಿಸೆಂಬರ್‌ನಲ್ಲಿ ಹೇಳಿದ ಮಾತು ಇದು: ಅಪಾಯಕಾರಿ ವ್ಯವಹಾರ ನಡೆಸುವವನ ಹೊಣೆ ಸಂಪೂರ್ಣ, 'ನಾನು ಎಲ್ಲ ಎಚ್ಚರಿಕೆ ವಹಿಸಿದ್ದೆ' ಎಂಬ ನೆಪ ನಡೆಯುವುದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯ ಆ ಟ್ಯಾಂಕರ್ ಪ್ರಕರಣವೂ ಸುಪ್ರೀಂ ಕೋರ್ಟಿಗೆ ಹೋಯಿತು. ಉರುಳಿ ಗಂಟೆಗಳ ನಂತರ ಆದ ಸ್ಫೋಟಕ್ಕೂ ವಾಹನದ ಬಳಕೆಗೂ ಸಂಬಂಧವಿಲ್ಲ ಎಂಬ ವಾದವನ್ನು 1991ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ, ಪರಿಹಾರ ಎತ್ತಿಹಿಡಿಯಿತು.

ದಾರಿಗಳು ಎರಡು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುವುದು ಒಂದು. 2019ರ ತಿದ್ದುಪಡಿಯ ಪ್ರಕಾರ ಆರು ತಿಂಗಳ ಗಡುವು ಇರುವುದರಿಂದ ಅದರೊಳಗೇ ಹಾಕಿ. ಇನ್ನೊಂದು, 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ ಜಿಲ್ಲಾಧಿಕಾರಿಗೆ ಅರ್ಜಿ. ಸರಕಿನ ಪ್ರಮಾಣ ಅಧಿಸೂಚನೆಯ ಮಿತಿ ಮೀರಿದ್ದರೆ ಇದು ಅನ್ವಯ, ಸಾಗಣೆಯೂ ಇದರೊಳಗೆ ಬರುತ್ತದೆ. ಯಾರ ತಪ್ಪು ಎಂದು ನೀವು ಸಾಬೀತು ಮಾಡಬೇಕಿಲ್ಲ. ಐದು ವರ್ಷದವರೆಗೆ ಅರ್ಜಿ ಹಾಕಬಹುದು. ಸುಟ್ಟ ಮನೆ, ತೋಟಕ್ಕೂ ಕೇಳಬಹುದು. ಎಫ್‌ಐಆರ್ ಪ್ರತಿ, ಪಂಚನಾಮೆ, ಆಸ್ಪತ್ರೆ ಕಾಗದ, ಗ್ರಾಮ ಆಡಳಿತಾಧಿಕಾರಿಯ ಹಾನಿ ವರದಿ, ನೀವು ತೆಗೆದ ಫಲಕದ ಫೋಟೋ ಜೋಡಿಸಿಟ್ಟುಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೂರಬೇಡಿ. ಸಾಮೂಹಿಕ ದುರಂತ, ಕೈಗಾರಿಕಾ ದುರಂತದ ಸಂತ್ರಸ್ತರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಉಚಿತ ವಕೀಲರನ್ನು ಕೊಡುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಪೈಪ್‌ಲೈನ್ ಹಾದುಹೋಗುವ ಊರುಗಳಿಗೆ

ಮಂಗಳೂರು–ಹಾಸನ–ಬೆಂಗಳೂರು ತೈಲ ಕೊಳವೆ, ದಾಭೋಲ್–ಬೆಂಗಳೂರು ಅನಿಲ ಕೊಳವೆ, 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ ನಮ್ಮ ಹೊಲಗದ್ದೆಗಳ ಕೆಳಗೇ ಇವೆ. 2014ರ ಜೂನ್‌ನಲ್ಲಿ ಆಂಧ್ರದ ನಗರಂ ಹಳ್ಳಿಯಲ್ಲಿ ಅನಿಲ ಕೊಳವೆ ಸ್ಫೋಟಿಸಿ 20ಕ್ಕೂ ಹೆಚ್ಚು ಜನ ಸತ್ತದ್ದನ್ನು ಮರೆಯಬಾರದು. ಕೊಳವೆ ಹಾದ ಪಟ್ಟಿಯ ಮೇಲೆ ಮನೆ ಕಟ್ಟುವುದು, ಬಾವಿ ತೋಡುವುದು, ಮರ ನೆಡುವುದನ್ನು 1962ರ ಕಾಯ್ದೆ ನಿಷೇಧಿಸಿದೆ. ಜೆಸಿಬಿ ಕರೆಸುವ ಮುನ್ನ ಗುರುತಿನ ಕಂಬದ ಮೇಲಿನ ನಂಬರಿಗೆ ಒಂದು ಕರೆ ಮಾಡಿ. ಹೊಲದಲ್ಲಿ ವಾಸನೆ ಬಂದರೆ, ಒಂದೇ ಪಟ್ಟಿಯಲ್ಲಿ ಬೆಳೆ ಒಣಗಿದರೆ, ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಅದೇ ನಂಬರಿಗೆ ತಿಳಿಸಿ.

ಈ ವಾರವೇ ಮಾಡಬಹುದಾದದ್ದು

1996ರ ರಾಸಾಯನಿಕ ಅಪಘಾತಗಳ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು ಇರಬೇಕು, ಅಪಾಯಕಾರಿ ಕೈಗಾರಿಕೆಗಳಿರುವ ಕಡೆ ಸ್ಥಳೀಯ ಗುಂಪುಗಳೂ ಇರಬೇಕು. ನಿಮ್ಮ ಪಂಚಾಯಿತಿ ಹೆದ್ದಾರಿಗೋ ಕೊಳವೆಗೋ ಅಂಟಿಕೊಂಡಿದ್ದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ನಿಮ್ಮ ಊರಲ್ಲಿ ಅಣಕು ಕಾರ್ಯಾಚರಣೆ ನಡೆಸುವಂತೆ ಜಿಲ್ಲಾಧಿಕಾರಿಗೆ ಬರೆಯಿರಿ. ತಗ್ಗಿನಲ್ಲಿರುವ ಮನೆಗಳ ಪಟ್ಟಿ, ಹಾಸಿಗೆ ಹಿಡಿದವರ ಪಟ್ಟಿ, ಗಾಳಿಯ ಎದುರು ದಿಕ್ಕಿನಲ್ಲಿ ಸೇರಬಹುದಾದ ಎರಡು ಜಾಗಗಳ ಹೆಸರು ಪಂಚಾಯಿತಿ ಗೋಡೆಯ ಮೇಲೆ ಇರಲಿ. ಎರಡು ಜಾಗ ಯಾಕೆಂದರೆ ಗಾಳಿ ಯಾವತ್ತೂ ಒಂದೇ ಕಡೆಯಿಂದ ಬೀಸುವುದಿಲ್ಲ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನಿಂತು ನೋಡಿ ಆ ಜಾಗಗಳನ್ನು ಆರಿಸಿ.